ನೂರಿಪ್ಪತ್ತನಾಲ್ಕು ಟ್ಯೂಬು

ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ. ಬೆಳಗ್ಗೆ ಐದೂವರೆಗೆ ಲ್ಯಾಬಿನಿಂದ ಟ್ರೇ ಎತ್ತಿಕೊಂಡು ಹೊರಡುವುದು, ಹಾಸಿಗೆಯಿಂದ ಹಾಸಿಗೆಗೆ ಹೋಗಿ ಡಾಕ್ಟರು ಗುರುತು ಹಾಕಿದ ಚೀಟಿಯ ಪ್ರಕಾರ ರಕ್ತ ತೆಗೆಯುವುದು, ಏಳು ಗಂಟೆಯೊಳಗೆ ಟ್ಯೂಬುಗಳನ್ನು ಲ್ಯಾಬಿಗೆ ಮುಟ್ಟಿಸುವುದು. ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಅವಳದು ಹಗುರ ಕೈ. ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಹತ್ತಿ ಒತ್ತಿ ಮುಂದಿನ ಹಾಸಿಗೆಗೆ ಹೋಗಿರುತ್ತಿದ್ದಳು. ಗಂಡಸರ ವಾರ್ಡಿನವರು ಮಾತ್ರ ಅವಳ ಬೆನ್ನ ಹಿಂದೆ ಸೊಳ್ಳೆ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಡಾಕ್ಟರನ್ನು, "ನಿನ್ನೆ ತಾನೇ ಇದೇ ಟೆಸ್ಟ್ ಮಾಡಿದ್ವಲ್ಲ ಸಾರ್, ಇವತ್ತೂ ಬೇಕಾ?" ಎಂದು ಕೇಳಿದ್ದಳು. ಆತ ಚೀಟಿಯನ್ನು ಅವಳ ಮುಖದ ಹತ್ತಿರ ಹಿಡಿದು, "ಓದೋಕೆ ಬರುತ್ತಲ್ಲ?" ಅಂದಿದ್ದ. ಅಲ್ಲಿಂದೀಚೆಗೆ ಅವಳು ಚೀಟಿಯ ವಿಷಯಕ್ಕೆ ಮೂಗು ತೂರಿಸಿರಲಿಲ್ಲ.

ಹೆಂಗಸರ ವಾರ್ಡಿನ ಹದಿನಾಲ್ಕನೇ ಹಾಸಿಗೆಗೆ ಬಂದ ಅಜ್ಜಿಗೆ ಎಪ್ಪತ್ತೊಂದು ವರ್ಷ, ಮೂವತ್ತೆಂಟು ಕಿಲೋ ತೂಕ. ನಲವತ್ತು ವರ್ಷ ಟೈಲರ್ ಅಂಗಡಿಗಳಿಗೆ ಶರ್ಟಿನ ಗುಂಡಿಮನೆ, ಅಂದರೆ ಕಾಜ, ಹಾಕಿಕೊಟ್ಟು ಬದುಕಿದವಳು. ಬಂದ ಎರಡೇ ದಿನಕ್ಕೆ ವಾರ್ಡಿಗೆಲ್ಲ ಕಾಜಾ ಅಜ್ಜಿಯಾದಳು. ಹೊಲಿಗೆ ಯಂತ್ರದ ಪೆಡಲಿನ ಅಂಚು ಮೊಣಕಾಲ ಕೆಳಗೆ ತರಚಿತ್ತು. ಅದನ್ನು ಅಲಕ್ಷ್ಯ ಮಾಡಿದ್ದರಿಂದ ಕಾಲು ಊದಿ, ಕೀವು ತುಂಬಿ, ಜ್ವರ ಏರಿತ್ತು. ಸರ್ಜನ್ ಬಂದು ಕೀವು ತೆಗೆದು ಹೋದರು. ರಕ್ತದಲ್ಲಿ ಬಿಳಿ ಕಣಗಳು ಹತ್ತೊಂಬತ್ತು ಸಾವಿರ ಇದ್ದವು, ಇರಬೇಕಾದ್ದಕ್ಕಿಂತ ಎರಡು ಪಟ್ಟು. ಸೋಂಕು ಜೋರಾಗಿದೆ ಎಂಬುದಕ್ಕೆ ಅದು ಗುರುತು. ಹಿಮೋಗ್ಲೋಬಿನ್ ಹನ್ನೊಂದು ಪಾಯಿಂಟ್ ನಾಲ್ಕು. ಆ ವಯಸ್ಸಿಗೆ ಅದು ತಕ್ಕಮಟ್ಟಿಗೆ ಸರಿಯಾಗಿಯೇ ಇತ್ತು.

"ನಿನ್ನ ಕೈ ಚೊಕ್ಕ ಇದೆ ಕಣಮ್ಮ," ಎಂದಳು ಅಜ್ಜಿ ಮೊದಲ ಬೆಳಗ್ಗೆ, ತೋಳು ಚಾಚಿಕೊಂಡು. "ನನ್ನ ಹತ್ರ ಕಲಿಯೋಕೆ ಬಂದಿದ್ರೆ ದಿನಕ್ಕೆ ನೂರು ಕಾಜ ಹಾಕ್ತಿದ್ದೆ."

"ಆಗ ನಿಮ್ಮ ಸೊಸೆಗೆ ಕೆಲಸ ಇರ್ತಿರಲಿಲ್ಲ ಅಜ್ಜಿ."

"ಅವಳಿಗಾ? ಸೂಜಿಗೆ ದಾರ ಪೋಣಿಸು ಅಂದ್ರೆ ಸೂಜಿನೇ ಕಳೆದುಬಿಡ್ತಾಳೆ."

ಪಕ್ಕದ ಬೆಂಚಿನಲ್ಲಿ ಸೊಸೆ ಮಲಗಿದ್ದಳು. ರಟ್ಟಿನ ಡಬ್ಬ ಮಾಡುವ ಫ್ಯಾಕ್ಟರಿಯಲ್ಲಿ ಅವಳದು ಮಧ್ಯಾಹ್ನದ ಪಾಳಿ. ಅಲ್ಲಿಂದ ಸೀದಾ ಆಸ್ಪತ್ರೆಗೆ ಬಂದು ಮಲಗುತ್ತಿದ್ದಳು. ಕಣ್ಣು ಮುಚ್ಚಿಕೊಂಡೇ, "ಕೇಳಿಸ್ತಿದೆ ಅತ್ತೆ," ಅಂದಳು.

ಆ ವಾರ್ಡಿನ ಚೀಟಿಗಳನ್ನು ತುಂಬುತ್ತಿದ್ದುದು ಇಪ್ಪತ್ತಾರು ವರ್ಷದ ಒಬ್ಬ ಕಿರಿಯ ಡಾಕ್ಟರು. ನರ್ಸುಗಳು ಅವನಿಗೆ ಟಿಕ್ ಡಾಕ್ಟ್ರು ಎಂದು ಹೆಸರಿಟ್ಟಿದ್ದರು. ಚೀಟಿಯಲ್ಲಿದ್ದ ಚೌಕಗಳಲ್ಲಿ ಒಂದನ್ನೂ ಖಾಲಿ ಬಿಡುತ್ತಿರಲಿಲ್ಲ ಅವನು. ಅದಕ್ಕೊಂದು ಕಾರಣವಿತ್ತು. ಅವನು ಸೇರಿದ ಎರಡನೇ ವಾರ, ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಒಬ್ಬ ರೋಗಿಯ ಮುಂದೆ ನಿಂತು, "ಇವತ್ತಿನ ಪ್ಲೇಟ್ಲೆಟ್ ಎಷ್ಟು?" ಎಂದು ಕೇಳಿದ್ದರು. ಇವನು ಆ ದಿನ ಟೆಸ್ಟ್ ಬರೆದಿರಲಿಲ್ಲ. ದೊಡ್ಡ ಡಾಕ್ಟರು ಬೈಯಲಿಲ್ಲ. ಹತ್ತು ಜನರ ಎದುರು ಸುಮ್ಮನೆ ಕಾಲು ನಿಮಿಷ ಅವನನ್ನೇ ನೋಡಿದರು, ಆಮೇಲೆ ಮುಂದಿನ ಹಾಸಿಗೆಗೆ ಹೋದರು. ಬೈದಿದ್ದರೇ ವಾಸಿಯಿತ್ತು ಎಂದು ಅವನಿಗೆ ಅನಿಸಿತ್ತು. ಮಾರನೇ ದಿನದಿಂದ ಎಲ್ಲ ರೋಗಿಗಳಿಗೂ ಎಲ್ಲ ಟೆಸ್ಟು, ದಿನವೂ.

ಹಾಗಾಗಿ ಕಾಜಾ ಅಜ್ಜಿಗೆ ಒಂದು ಸಲಕ್ಕೆ ನಾಲ್ಕು ಟ್ಯೂಬು: ರಕ್ತಕಣಗಳ ಎಣಿಕೆಗೆ ನೇರಳೆ ಮುಚ್ಚಳದ್ದು, ಮೂತ್ರಪಿಂಡ, ಯಕೃತ್ತು ನೋಡಲು ಹಳದಿ, ರಕ್ತ ಹೆಪ್ಪುಗಟ್ಟುವ ಸಮಯಕ್ಕೆ ನೀಲಿ, ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಇಎಸ್‌ಆರ್‌ಗೆ ಕಪ್ಪು. ಮೊದಲ ವಾರ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಆಮೇಲೆ ಬೆಳಗ್ಗೆ ಮಾತ್ರ, ನಡುವೆ ಯಾವಾಗಲಾದರೂ ಸಂಜೆ. ಜ್ವರ ಬಂದಾಗ ಕ್ರಿಮಿ ಬೆಳೆಸಿ ನೋಡಲು ಬೇರೆ ದೊಡ್ಡ ಬಾಟಲಿಗಳು.

ಎಂಟನೇ ದಿನಕ್ಕೆ ಜ್ವರ ಬಿಟ್ಟಿತು, ಬಿಳಿ ಕಣಗಳು ಎಂಟು ಸಾವಿರಕ್ಕೆ ಇಳಿದವು. ಗಾಯ ಒಳಗಿನಿಂದ ತುಂಬಿಕೊಂಡು ಬರುವವರೆಗೆ ಡ್ರೆಸ್ಸಿಂಗ್ ಮಾಡಿಸಿಕೊಂಡು ಇರಬೇಕು, ಅಷ್ಟೇ ಕೆಲಸ ಬಾಕಿ ಎಂದು ಸೊಸೆಗೆ ಹೇಳಿದರು. ಆದರೆ ಹತ್ತನೇ ದಿನ ಹಿಮೋಗ್ಲೋಬಿನ್ ಹತ್ತಾಗಿತ್ತು. ಹದಿಮೂರನೇ ದಿನ ಒಂಬತ್ತೂವರೆ. ಹದಿನೆಂಟನೇ ದಿನ ಎಂಟು ಪಾಯಿಂಟ್ ಎಂಟು.

ಅವತ್ತು ದೊಡ್ಡ ಡಾಕ್ಟರು ಹದಿನಾಲ್ಕನೇ ಹಾಸಿಗೆಯ ಬಳಿ ಹೆಚ್ಚು ಹೊತ್ತು ನಿಂತರು. ಹೊಟ್ಟೆ ಮುಟ್ಟಿ ನೋಡಿದರು. ಮಲದಲ್ಲಿ ರಕ್ತವಿದೆಯೇ ಎಂದು ಎರಡು ಸಲ ಪರೀಕ್ಷೆಯಾಗಿತ್ತು, ಎರಡು ಸಲವೂ ಇಲ್ಲ ಎಂದು ಬಂದಿತ್ತು.

"ಎಲ್ಲೋ ಒಳಗೆ ಸೋರ್ತಿದೆ," ಎಂದರು. "ಕ್ಯಾಮರಾ ಹಾಕಿ ನೋಡೋಣ. ಮೇಲಿಂದಲೂ ಕೆಳಗಿಂದಲೂ. ಇಪ್ಪತ್ತನೇ ದಿನಕ್ಕೆ ಬುಕ್ ಮಾಡು. ಒಂದು ಬಾಟಲ್ ರಕ್ತಾನೂ ರೆಡಿ ಇರಲಿ."

ಡಾಕ್ಟರು ಅತ್ತ ಹೋದೊಡನೆ ಸೊಸೆ ಎದ್ದು ಬಂದಳು. ಕಾಲಿನ ಗಾಯಕ್ಕೆ ಬಂದವರಿಗೆ ಹೊಟ್ಟೆಯೊಳಗೆ ಏನಾಯಿತು, ದೊಡ್ಡ ರೋಗವೇ ಇರಬಹುದೇ ಎಂದು ನರ್ಸನ್ನು ಕೇಳಿದಳು. ನರ್ಸು, "ನೋಡಿದ್ಮೇಲೆ ಗೊತ್ತಾಗುತ್ತೆ," ಅಂದಳು. ಆ ಉತ್ತರದಿಂದ ಹೆದರಿಕೆ ಇನ್ನೂ ಹೆಚ್ಚಾಯಿತು.

ಕೊಡುವ ರಕ್ತ ಹೊಂದುತ್ತದೆಯೇ ಎಂದು ನೋಡಲು ಅಜ್ಜಿಯ ರಕ್ತ ಬೇಕಿತ್ತು. ಹನ್ನೊಂದು ಗಂಟೆಗೆ ಸೂಜಿಯಕ್ಕನನ್ನು ಮತ್ತೆ ಕರೆಸಿದರು. ಅಜ್ಜಿಯ ಎರಡೂ ತೋಳು ಮೊಣಕೈ ಒಳಮಗ್ಗುಲಿನಿಂದ ಮುಂಗೈವರೆಗೆ ನೀಲಿ ಹಸಿರು ಹಳದಿಯಾಗಿದ್ದವು. ನರ ಹುಡುಕಲು ಐದು ನಿಮಿಷ ಬೇಕಾಯಿತು. ಸೂಜಿಯಕ್ಕನಿಗೆ ಅದು ಅವಮಾನವೇ. ಕೊನೆಗೆ ಕೈಯ ಹಿಂಬದಿಯಲ್ಲಿ ಸಣ್ಣದೊಂದು ಸಿಕ್ಕಿತು.

"ಈಗ ಯಾಕೆ ಬೇಕಂತೆ?" ಅಜ್ಜಿ ಕೇಳಿದಳು.

"ನಿಮಗೆ ರಕ್ತ ಕೊಡೋದಿದೆಯಲ್ಲ, ಅದಕ್ಕೆ."

"ಕೊಡೋಕೆ ಮುಂಚೆ ಮತ್ತೆ ತಗೊಳ್ಳೋದಾ?" ಅಜ್ಜಿ ಸ್ವಲ್ಪ ನಕ್ಕಳು. ನಗಲೂ ಅವಳಲ್ಲಿ ತ್ರಾಣವಿರಲಿಲ್ಲ. "ಇಲ್ಲಿವರೆಗೆ ತಗೊಂಡಿದ್ದು ಎಷ್ಟಾಯ್ತಮ್ಮ? ನಾವು ಅಂಗಡಿಯಿಂದ ಒಂದು ಗೇಣು ಬಟ್ಟೆ ತಗೊಂಡ್ರೂ ಅಳೆದು ಬರ್ಕೊಂಡೇ ತಗೊಳ್ತಿದ್ವಿ."

ಸೂಜಿಯಕ್ಕ ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ಲ್ಯಾಬಿನ ರಿಜಿಸ್ಟರನ್ನು ಎಳೆದುಕೊಂಡು ಕೂತಳು. ಹದಿನಾಲ್ಕನೇ ಹಾಸಿಗೆಯ ಸಾಲುಗಳನ್ನು ಬೆರಳಿಟ್ಟು ಹುಡುಕುತ್ತ ಹಳೆಯ ಚೀಟಿಯೊಂದರ ಹಿಂದೆ ಬರೆದುಕೊಂಡಳು. ಹದಿನೆಂಟು ದಿನದಲ್ಲಿ ಮೂವತ್ತೊಂದು ಸಲ. ಟ್ಯೂಬುಗಳು ನೂರಿಪ್ಪತ್ತನಾಲ್ಕು. ದೊಡ್ಡ ಬಾಟಲಿ ಆರು. ಇದರಲ್ಲಿ ಇವತ್ತು ಹನ್ನೊಂದು ಗಂಟೆಯದು ಸೇರಿಲ್ಲ. ಎಲ್ಲ ಕೂಡಿಸಿದರೆ ನಾನೂರ ಮೂವತ್ತು ಮಿಲಿಗೆ ಎರಡು ಹೆಚ್ಚು.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಲಿಫ್ಟ್ ಮೆಕ್ಯಾನಿಕ್. ಯಾವ ಕಥೆ ಹೇಳಿದರೂ ಯಂತ್ರದ ಕಡೆಯಿಂದಲೇ ನೋಡುವವನು. ಅಡುಗೆಮನೆಯಲ್ಲಿ ಔಷಧಿ ಅಳೆಯುವ ಲೋಟದಿಂದ ನೀರು ಅಳೆದು ಸ್ಟೀಲ್ ಪಾತ್ರೆಗೆ ಸುರಿದು, "ಇಷ್ಟು," ಎಂದು ತೋರಿಸಿದಳು.

ಅವನು ಪಾತ್ರೆಗೆ ಇಣುಕಿದ. "ರಕ್ತದಾನ ಮಾಡಿದ್ರೂ ಇಷ್ಟು ತಗೊಳ್ತಾರಲ್ವಾ? ನಾನು ಮೂರು ಸಲ ಕೊಟ್ಟಿದ್ದೀನಿ, ಏನೂ ಆಗಿಲ್ಲ."

"ನೀವು ಎಂಬತ್ತು ಕಿಲೋ ಇದ್ದೀರಿ."

"ಅದೇ ಕೇಳ್ತಿದ್ದೀನಿ. ಅಜ್ಜಿ ಟ್ಯಾಂಕಲ್ಲಿ ಮೊದಲು ಎಷ್ಟಿತ್ತು?"

ಅವಳಿಗೆ ಹೊಳೆಯದಿದ್ದದ್ದು ಅದು. ಒಂದು ಕಿಲೋ ತೂಕಕ್ಕೆ ಅರವತ್ತೈದು ಮಿಲಿ ಎಂದು ತರಬೇತಿಯಲ್ಲಿ ಯಾವಾಗಲೋ ಕಲಿತಿದ್ದಳು. ಮೂವತ್ತೆಂಟು ಕಿಲೋಗೆ ಲೆಕ್ಕ ಹಾಕಿದರೆ ಎರಡೂವರೆ ಲೀಟರೂ ಇಲ್ಲ.

"ಹಾಗಾದ್ರೆ ಆರರಲ್ಲಿ ಒಂದು ಪಾಲು ನೀನೇ ತಂದಿದ್ದೀಯ," ಎಂದ ಗಂಡ. ಹೆಂಡತಿಯ ಮುಖ ನೋಡಿ ತಕ್ಷಣ ತಿದ್ದಿಕೊಂಡ. "ನೀನು ಅಂದ್ರೆ ನೀನಲ್ಲ. ಬರೆದವರು."

"ಚುಚ್ಚಿದ್ದು ನಾನೇ ತಾನೇ."

ಆ ರಾತ್ರಿ ಅವಳು ಲೆಕ್ಕವನ್ನು ಇನ್ನೊಮ್ಮೆ ಕೂಡಿಸಿ ನೋಡಿದಳು. ಹೇಳಿದರೆ ಯಾರು ಕೇಳುತ್ತಾರೆ ಅನ್ನುವುದು ಒಂದು ಚಿಂತೆ. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ತನ್ನ ಲೆಕ್ಕ ನಂಬಿ ಅವರು ಕ್ಯಾಮರಾ ಹಾಕದೆ ಬಿಟ್ಟು, ನಿಜಕ್ಕೂ ಒಳಗೆ ಸೋರುತ್ತಿದ್ದರೆ?

ಬೆಳಗ್ಗೆ ಹದಿನಾಲ್ಕನೇ ಹಾಸಿಗೆಯೊಂದನ್ನು ಬಿಟ್ಟು ಉಳಿದ ರೌಂಡು ಮುಗಿಸಿ ಲ್ಯಾಬ್ ಮೇಡಂ ಬರುವುದನ್ನೇ ಕಾದಳು. ಲ್ಯಾಬಿನ ಎಲ್ಲ ರಿಪೋರ್ಟುಗಳಿಗೂ ಸಹಿ ಹಾಕುವ ಡಾಕ್ಟರು ಅವರು. ದಿನದ ಹೆಚ್ಚು ಹೊತ್ತು ಮೈಕ್ರೋಸ್ಕೋಪಿನ ಮೇಲೆ ಬಾಗಿರುವವರು, ಮಾತು ಕಡಿಮೆ. ಸೂಜಿಯಕ್ಕ ಚೀಟಿಯನ್ನು ಮೇಜಿನ ಮೇಲಿಟ್ಟು, "ಮೇಡಂ, ತಪ್ಪು ತಿಳ್ಕೋಬೇಡಿ," ಎಂದು ಶುರು ಮಾಡಿದಳು.

ಮೇಡಂ ಪೂರ್ತಿ ಕೇಳಿದರು. ಆಮೇಲೆ ಕಂಪ್ಯೂಟರಿನಿಂದ ಅಜ್ಜಿಯ ಹದಿನೆಂಟು ದಿನದ ರಿಪೋರ್ಟುಗಳನ್ನೂ ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಸಾಲಾಗಿ ಹರಡಿದರು.

"ಎಂಟನೇ ದಿನದಿಂದ ಬಿಳಿ ಕಣ ಸರಿ ಇದೆ. ಪ್ಲೇಟ್ಲೆಟ್ ಯಾವತ್ತೂ ಸರಿಯೇ ಇತ್ತು. ಹೆಪ್ಪುಗಟ್ಟೋ ಟೆಸ್ಟ್ ಮೊದಲ ದಿನದಿಂದ ಹಾಗೇ ಇದೆ. ಒಂಬತ್ತನೇ ದಿನದಿಂದ ಈಚೆಗೆ ಇವರು ಏನು ಹುಡುಕ್ತಿದ್ರು?" ಬೆರಳಿನಿಂದ ಒಂದೊಂದೇ ಹಾಳೆ ಸರಿಸಿದರು. ಪ್ರತಿ ಹಾಳೆಯ ಕೆಳಗೂ ಅವರದೇ ಸಹಿ. "ನಾನಾದ್ರೂ ಕೇಳಬೇಕಿತ್ತು. ದಿನಾ ಸಹಿ ಹಾಕ್ಕೊಂಡು ಕೂತಿದ್ದೀನಿ."

ಹಿಂದಿನ ದಿನದ ನೇರಳೆ ಟ್ಯೂಬು ಫ್ರಿಜ್ಜಿನಲ್ಲಿತ್ತು. ಅದರಿಂದಲೇ ಗಾಜಿನ ಮೇಲೆ ಒಂದು ಹನಿ ಸವರಿಸಿ ನೋಡಿದರು. ಕೆಂಪು ಕಣಗಳು ಗಾತ್ರದಲ್ಲೂ ಬಣ್ಣದಲ್ಲೂ ಸರಿಯಾಗಿದ್ದವು. ಬಹಳ ದಿನದಿಂದ ಒಳಗೆ ಸೋರಿದ್ದರೆ ಕಬ್ಬಿಣ ಕಡಿಮೆಯಾಗಿ ಅವು ಸಣ್ಣದಾಗಿ ಪೇಲವವಾಗಿರುತ್ತಿದ್ದವು.

"ಬಾ," ಎಂದರು.

"ನಾನಾ? ನಾನ್ಯಾಕೆ ಮೇಡಂ?"

"ಲೆಕ್ಕ ನಿನ್ನದಲ್ವಾ?"

ವಾರ್ಡಿನ ಡಾಕ್ಟರ ಕೋಣೆಯಲ್ಲಿ ದೊಡ್ಡ ಡಾಕ್ಟರು ಚಹಾ ಕುಡಿಯುತ್ತಿದ್ದರು. ಟಿಕ್ ಡಾಕ್ಟ್ರು ಗೋಡೆಗೆ ಒರಗಿ ನಿಂತು ಏನೋ ಬರೆಯುತ್ತಿದ್ದ. ಚೀಟಿ ನೋಡಿ ದೊಡ್ಡ ಡಾಕ್ಟರು ಮುಖ ಗಂಟಿಕ್ಕಿದರು.

"ರಕ್ತ ಟೆಸ್ಟ್ ಮಾಡಿಸಿ ಯಾರಿಗಾದ್ರೂ ರಕ್ತ ಕಡಿಮೆ ಆಗುತ್ತಾ? ಮೂವತ್ತು ವರ್ಷದಲ್ಲಿ ನಾನಂತೂ ಹೀಗೆ ಯಾರನ್ನೂ ಕಳ್ಕೊಂಡಿಲ್ಲ."

"ಇದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ," ಎಂದರು ಮೇಡಂ. "ಸೋಂಕಿದ್ದಾಗ ಮೂಳೆಯೊಳಗೆ ಹೊಸ ರಕ್ತ ಹುಟ್ಟೋದು ನಿಧಾನ ಆಗುತ್ತೆ. ಮೊದಲ ವಾರ ಡ್ರಿಪ್ ಬೇರೆ ಹೋಗಿ ರಕ್ತ ತೆಳುವಾಗಿದೆ. ಅದರ ಮೇಲೆ ಇದು. ಮೂರೂ ಸೇರಿದ್ರೆ ಎಂಟು ಪಾಯಿಂಟ್ ಎಂಟಕ್ಕೆ ಸೋರಿಕೆ ಹುಡುಕೋ ಅಗತ್ಯ ಇಲ್ಲ. ಹುಡುಕಲೇಬಾರದು ಅಂತಲ್ಲ. ನಾಲ್ಕು ದಿನ ಕೊಡಿ."

"ಆ ನಾಲ್ಕು ದಿನ ಏನು ಟೆಸ್ಟ್ ಮಾಡ್ತೀರಿ?"

"ಏನೂ ಇಲ್ಲ. ಇಪ್ಪತ್ಮೂರನೇ ದಿನ ಮಕ್ಕಳಿಗೆ ಬಳಸೋ ಸಣ್ಣ ಟ್ಯೂಬಲ್ಲಿ ಒಂದು ಸಲ. ಹಿಮೋಗ್ಲೋಬಿನ್, ಜೊತೆಗೆ ಹೊಸದಾಗಿ ಹುಟ್ಟಿದ ಎಳೇ ಕೆಂಪು ಕಣಗಳ ಎಣಿಕೆ. ಹಿಮೋಗ್ಲೋಬಿನ್ ಏರಿದ್ರೆ ಸೋರ್ತಿಲ್ಲ ಅಂತ ಅರ್ಥ. ಎಳೇ ಕಣ ಹೆಚ್ಚಿದ್ರೆ ಮೂಳೆ ಕೆಲಸಕ್ಕೆ ಇಳಿದಿದೆ ಅಂತ. ಈಗಿರೋದು ಎರಡೇ ಪ್ರಶ್ನೆ, ಅದಕ್ಕೆ ಎರಡೇ ಟೆಸ್ಟು."

ದೊಡ್ಡ ಡಾಕ್ಟರು ಚೀಟಿಯನ್ನು ಮತ್ತೊಮ್ಮೆ ಓದಿದರು. ಸೂಜಿಯಕ್ಕನ ಕಡೆ ತಿರುಗಿ, "ಇದು ನಿಮ್ಮ ಬರಹನಾ?" ಎಂದು ಕೇಳಿದರು. ಅವಳು ತಲೆಯಾಡಿಸಿದಳು.

"ಆಯ್ತು. ಆದ್ರೆ ಮಲ ಕಪ್ಪಾದ್ರೆ, ನಾಡಿ ಏರಿದ್ರೆ, ಬಿಪಿ ಬಿದ್ರೆ ನಾನು ಒಂದು ಗಂಟೇನೂ ಕಾಯಲ್ಲ." ಕಿರಿಯನ ಕಡೆ ನೋಡಿದರು. "ನೀನೇ ಜವಾಬ್ದಾರಿ. ದಿನಾ ಎರಡು ಸಲ ನೀನೇ ಹೋಗಿ ನೋಡಬೇಕು."

ಅವರು ಹೋದ ಮೇಲೆ ಟಿಕ್ ಡಾಕ್ಟ್ರು ಮೇಡಂಗೆ, "ನಾನು ದಿನಾ ಬರೆದಿದ್ದು ಏನಾದ್ರೂ ತಪ್ಪಿಹೋಗಬಾರದು ಅಂತ ಮೇಡಂ," ಅಂದ.

"ಗೊತ್ತು. ಗುರುತು ಹಾಕೋ ಮುಂಚೆ ಒಂದು ಸಲ ಯೋಚನೆ ಮಾಡು. ಇದರ ಉತ್ತರ ಏನು ಬಂದ್ರೂ ನಾನು ಮಾಡೋದು ಬದಲಾಗುತ್ತಾ? ಬದಲಾಗದಿದ್ರೆ ಬಿಟ್ಬಿಡು."

ಮಾರನೇ ದಿನ, ಅಂದರೆ ಇಪ್ಪತ್ತನೇ ದಿನ ಬೆಳಗ್ಗೆ ಒಂಬತ್ತಕ್ಕೆ, ಸೊಸೆ ಓಡಿ ಬಂದು ನರ್ಸಿಗೆ ಹೇಳಿದಳು: ಅತ್ತೆ ಎದ್ದು ಕೂತರೆ ತಲೆ ಸುತ್ತುತ್ತದೆ ಅನ್ನುತ್ತಿದ್ದಾರೆ, ಕಣ್ಣು ಕತ್ತಲಾಗುತ್ತದಂತೆ. ನರ್ಸು ಟಿಕ್ ಡಾಕ್ಟ್ರನ್ನು ಕರೆದಳು, ಸೂಜಿಯಕ್ಕನಿಗೂ ಫೋನ್ ಮಾಡಿದಳು. ಸೂಜಿಯಕ್ಕ ಟ್ರೇ ಹಿಡಿದು ಮೆಟ್ಟಿಲು ಹತ್ತಿದಳು. ಲೆಕ್ಕ ತಪ್ಪಿತು, ಅಜ್ಜಿಗೆ ಒಳಗೆ ಸೋರುತ್ತಿದೆ, ತನ್ನ ಮಾತಿನಿಂದಾಗಿ ಒಂದು ದಿನ ಹಾಳಾಯಿತು ಎಂದೇ ಅವಳ ತಲೆಯಲ್ಲಿ ಓಡುತ್ತಿತ್ತು.

ಅವಳು ಹೋದಾಗ ಟಿಕ್ ಡಾಕ್ಟ್ರ ಕೈಯಲ್ಲಿ ಖಾಲಿ ಚೀಟಿ ಇತ್ತು. ಪೆನ್ನಿನ ತುದಿ ಮೊದಲ ಚೌಕದ ಮೇಲೆ ನಿಂತಿತ್ತು. ಅವನು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಅಜ್ಜಿಯ ಪಕ್ಕದಲ್ಲಿ ಕೂತ. ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದ. ಮಲಗಿದ್ದಾಗ ಬಿಪಿ ನೋಡಿದ, ಕೂರಿಸಿ ನೋಡಿದ. ಕೂತಾಗ ಸ್ವಲ್ಪ ಇಳಿಯುತ್ತಿತ್ತು. ಮಲದ ಬಣ್ಣ ಕೇಳಿದ. ಹೊಟ್ಟೆ ಒತ್ತಿದ. ಆಮೇಲೆ, "ಅಜ್ಜಿ, ಬೆಳಗ್ಗೆ ಏನು ತಿಂದ್ರಿ?" ಎಂದ.

"ಎಲ್ಲಿ ತಿನ್ನೋದು? ನಿನ್ನೆ ರಾತ್ರಿನೂ ಇಲ್ಲ, ಇವತ್ತು ಬೆಳಗ್ಗೆನೂ ಇಲ್ಲ. ಬಾಯಿಗೆ ಒಂದು ಹನಿ ನೀರು ಹಾಕಬೇಡಿ ಅಂತ ನೀವೇ ಬೋರ್ಡ್ ಹಾಕಿದ್ದೀರಲ್ಲ."

ಎಲ್ಲರೂ ಮಂಚದ ತಲೆಭಾಗದ ಕಡೆ ನೋಡಿದರು. ಕ್ಯಾಮರಾ ಪರೀಕ್ಷೆಗೆಂದು ಬುಕ್ ಮಾಡಿದ್ದ ದಿನ ಅದೇ. ಪರೀಕ್ಷೆ ರದ್ದಾದದ್ದು ಡಾಕ್ಟರಿಗೆ ಗೊತ್ತಿತ್ತು, ಪುಸ್ತಕದಲ್ಲಿ ಬರೆದಿತ್ತು. ಆದರೂ ಹಿಂದಿನ ಸಂಜೆಯ ಪಾಳಿಯ ನರ್ಸು ಹಳೆಯ ಪಟ್ಟಿ ನೋಡಿ 'ಊಟ ನೀರು ಇಲ್ಲ' ಎಂಬ ಕೆಂಪು ರಟ್ಟನ್ನು ನೇತುಹಾಕಿ ಹೋಗಿದ್ದಳು. ಊಟದ ಗಾಡಿಯವನು ಎರಡು ಸಲವೂ ಆ ಹಾಸಿಗೆ ದಾಟಿ ಹೋಗಿದ್ದ.

"ನೀವಾದ್ರೂ ಕೇಳಬಾರದಾ?" ನರ್ಸು ಸೊಸೆಗೆ ಅಂದಳು.

"ಕೇಳಿದ್ರೆ ರೂಲ್ಸು ಅಂತೀರಿ, ಕೇಳದಿದ್ರೆ ಕೇಳಬಾರದಾ ಅಂತೀರಿ," ಎಂದಳು ಸೊಸೆ.

ಟಿಕ್ ಡಾಕ್ಟ್ರು ರಟ್ಟನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ. ಅಜ್ಜಿಗೆ ಮೊದಲು ಸಕ್ಕರೆ ಹಾಕಿದ ಹಾಲು, ಆಮೇಲೆ ಬ್ರೆಡ್ಡು, ಮೊಟ್ಟೆ. ಹನ್ನೊಂದು ಗಂಟೆಗೆ ಅವನು ಮತ್ತೆ ಬಂದು ಕೂರಿಸಿ ಬಿಪಿ ನೋಡಿದ. ಸರಿಯಾಗಿತ್ತು. ಸೂಜಿಯಕ್ಕನ ಟ್ರೇಯಲ್ಲಿದ್ದ ಟ್ಯೂಬುಗಳು ಖಾಲಿಯಾಗಿಯೇ ಕೆಳಗೆ ಹೋದವು.

ಇಪ್ಪತ್ಮೂರನೇ ದಿನ ಸಣ್ಣ ಟ್ಯೂಬಿನಲ್ಲಿ ಅರ್ಧ ಮಿಲಿ ತೆಗೆದಳು. ನಾಲ್ಕು ದಿನ ಬಿಟ್ಟಿದ್ದರಿಂದ ಬಲಗೈಯಲ್ಲಿ ಒಂದು ನರ ಮತ್ತೆ ಮೇಲೆದ್ದಿತ್ತು. ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ಒಂದು. ಎಳೆಯ ಕಣಗಳು ಮಾಮೂಲಿಗಿಂತ ಎರಡು ಪಟ್ಟು. ದೊಡ್ಡ ಡಾಕ್ಟರು ರಿಪೋರ್ಟು ನೋಡಿ, "ಹೂಂ," ಎಂದರು. ಕ್ಯಾಮರಾ ಪರೀಕ್ಷೆಯ ಮಾತನ್ನಾಗಲಿ, ರಕ್ತ ಕೊಡುವ ಮಾತನ್ನಾಗಲಿ ಅವರು ಮತ್ತೆ ಎತ್ತಲಿಲ್ಲ. ಇಪ್ಪತ್ತೈದನೇ ದಿನ ಅಜ್ಜಿ ಮನೆಗೆ ಹೋದಳು. ಹೋಗುವಾಗ ಸೂಜಿಯಕ್ಕನ ಏಪ್ರನ್ನಿನಲ್ಲಿ ಗುಂಡಿಮನೆಯೊಂದು ಹರಿದದ್ದನ್ನು ಕಂಡು, "ಇದನ್ನು ಹಾಕಿದವರ್ಯಾರು, ಕೈ ಕತ್ತರಿಸಬೇಕು," ಅಂದಳು. ಸೊಸೆ ಅತ್ತೆಯ ಚೀಲ ಎತ್ತಿಕೊಂಡು, "ನಡೀರಿ ಅತ್ತೆ, ಇಲ್ಲೇ ಅಂಗಡಿ ಇಡಬೇಡಿ," ಎಂದು ಕರೆದುಕೊಂಡು ಹೋದಳು.

ಮುಂದಿನ ತಿಂಗಳು ಲ್ಯಾಬ್ ಮೇಡಂ ಹೊಸ ಚೀಟಿ ಅಚ್ಚು ಹಾಕಿಸಿದರು. ಮೊದಲು ಬರೀ ಚೌಕಗಳಿದ್ದವು, ಗುರುತು ಹಾಕಿದರೆ ಮುಗಿಯಿತು. ಈಗ ಪ್ರತಿ ಚೌಕದ ಮುಂದೆ ಯಾಕೆ ಎಂದು ಬರೆಯಲು ಖಾಲಿ ಗೆರೆ. ಬರೀ ಹಿಮೋಗ್ಲೋಬಿನ್ ಬೇಕಿದ್ದರೆ ಬೆರಳ ತುದಿಯಿಂದ ಒಂದು ಹನಿ ತೆಗೆದು ಕೈಯಲ್ಲಿ ಹಿಡಿಯುವಂಥ ಸಣ್ಣ ಯಂತ್ರದಲ್ಲಿ ನೋಡಿಬಿಡುವುದು. ಯಾಕೆ ಎಂದು ಬರೆಯಬೇಕಾದಾಗ ಬಹಳ ಟೆಸ್ಟುಗಳು ತಾವಾಗಿಯೇ ಬಿದ್ದುಹೋದವು. ಟಿಕ್ ಡಾಕ್ಟ್ರಂತೂ ಪೂರಾ ಬದಲಾದ. ಚೀಟಿಯಲ್ಲಿ ಒಂದಕ್ಕಿಂತ ಹೆಚ್ಚು ಗುರುತು ಹಾಕಲು ಜಿಪುಣತನ ಮಾಡತೊಡಗಿದ. ತಾವಿಟ್ಟ ಹೆಸರು ಬದಲಾಯಿಸಬೇಕೇ ಎಂಬ ಪ್ರಶ್ನೆ ನರ್ಸುಗಳಿಗೆ ಬಂತು.

ಆಗ ಗಂಡಸರ ವಾರ್ಡಿಗೆ ಒಬ್ಬ ಪೇಂಟರ್ ಸೇರಿದ. ಗೋಡೆಗೆ ಬಣ್ಣ ಬಳಿಯುವವನು, ಮೂವತ್ತೈದರ ಆಸುಪಾಸು, ಗಟ್ಟಿಮುಟ್ಟಾಗಿದ್ದ. ಮಾರನೇ ದಿನ ಹರ್ನಿಯಾ ಆಪರೇಷನ್. ಸ್ವಲ್ಪ ಸುಸ್ತು ಅಂದಿದ್ದನಂತೆ. ಆ ವಾರ್ಡಿನ ಚೀಟಿಗಳನ್ನೂ ಈಗ ಟಿಕ್ ಡಾಕ್ಟ್ರೇ ತುಂಬುತ್ತಿದ್ದ. ಅವನು ಬರೆದಿದ್ದ: ಹಿಮೋಗ್ಲೋಬಿನ್ ಮಾತ್ರ, ಆಪರೇಷನ್ ಮುಂಚೆ ನೋಡಲು.

ಸೂಜಿಯಕ್ಕ ಬೆರಳು ಚುಚ್ಚಿದಳು. ಹದಿಮೂರು ಪಾಯಿಂಟ್ ಆರು, ಏನೂ ತೊಂದರೆಯಿಲ್ಲ. ಹತ್ತಿ ಒತ್ತಿ ಹಿಡಿದುಕೊಳ್ಳಲು ಹೇಳಿ ಪಕ್ಕದ ಮೂರು ಹಾಸಿಗೆ ಮುಗಿಸಿ ತಿರುಗಿ ನೋಡಿದರೆ ಹತ್ತಿ ಪೂರ್ತಿ ಕೆಂಪಾಗಿತ್ತು. ಹೊಸ ಹತ್ತಿ ಕೊಟ್ಟು ತಾನೇ ಒತ್ತಿ ಹಿಡಿದಳು. ಗಡಿಯಾರ ನೋಡಿದಳು. ಎಂಟು ನಿಮಿಷವಾದರೂ ಒಸರುತ್ತಲೇ ಇತ್ತು.

"ರಕ್ತ ನಿಲ್ಲೋಕೆ ಯಾವಾಗಲೂ ಇಷ್ಟು ಹೊತ್ತಾಗುತ್ತಾ?"

"ಇಲ್ಲಕ್ಕ. ಒಂದೆರಡು ವಾರದಿಂದ ಹಲ್ಲುಜ್ಜಿದ್ರೂ ಬರ್ತಿದೆ. ಬ್ರಷ್ ಒರಟು ಅಂದ್ಕೊಂಡೆ."

ಅವನ ತೋಳು ತಿರುಗಿಸಿದಳು. ಬಿಪಿ ಪಟ್ಟಿ ಕಟ್ಟಿದ್ದ ಜಾಗದ ಕೆಳಗೆ ಕೆಂಪು ಪೆನ್ನಿನ ಮೊನೆಯಿಂದ ಚುಕ್ಕಿ ಇಟ್ಟಂತೆ ನೂರಾರು ಸಣ್ಣ ಚುಕ್ಕಿಗಳು. ಒತ್ತಿದರೂ ಮಾಯವಾಗಲಿಲ್ಲ. ಬಣ್ಣದ ಹನಿ ಇರಬಹುದೇ ಎಂದು ಸ್ಪಿರಿಟ್ಟಿನಿಂದ ಒರೆಸಿದಳು. ಬಣ್ಣವಲ್ಲ.

ಈ ಸಲ ಅವಳು ರಿಜಿಸ್ಟರು ನೋಡಲು ಹೋಗಲಿಲ್ಲ. ಅಲ್ಲಿಂದಲೇ ಟಿಕ್ ಡಾಕ್ಟ್ರಿಗೆ ಫೋನ್ ಮಾಡಿದಳು. "ಡಾಕ್ಟ್ರೇ, ಇವರಿಗೆ ಹಿಮೋಗ್ಲೋಬಿನ್ ಸಾಲಲ್ಲ. ನೀವೇ ಬಂದು ಕೈ ನೋಡಿ."

ಅವನು ಬಂದ. ತೋಳು ನೋಡಿದ, ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿದ. ಕೆನ್ನೆಯ ಒಳಗೆ ಎರಡು ಕಡೆ ಕಪ್ಪು ಗುಳ್ಳೆ. ಚೀಟಿ ತೆಗೆದುಕೊಂಡು ಬರೆದ: ಪೂರ್ತಿ ಎಣಿಕೆ, ಪ್ಲೇಟ್ಲೆಟ್ ಸಮೇತ, ಗಾಜಿನ ಮೇಲೆ ಹನಿ ಸವರಿ ನೋಡುವುದು, ಹೆಪ್ಪುಗಟ್ಟುವ ಸಮಯ. ತುರ್ತು. ಯಾಕೆ ಎಂಬ ಗೆರೆಯ ಮೇಲೆ 'ರಕ್ತಸ್ರಾವ, ಚುಕ್ಕಿಗಳು' ಎಂದು ಬರೆದ.

ಪ್ಲೇಟ್ಲೆಟ್ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ಅವನಿಗೆ ಒಂಬತ್ತು ಸಾವಿರ ಇತ್ತು. ಕೆಲವು ಸಲ ಟ್ಯೂಬಿನೊಳಗೆ ಅವು ಒಂದಕ್ಕೊಂದು ಅಂಟಿಕೊಂಡು ಯಂತ್ರಕ್ಕೆ ಸುಳ್ಳು ಹೇಳುವುದುಂಟು. ಮೇಡಂ ಮೈಕ್ರೋಸ್ಕೋಪಿನಲ್ಲಿ ನೋಡಿ ಅದು ಸುಳ್ಳಲ್ಲ ಅಂದರು. ಬೇರೆ ಕಣಗಳೆಲ್ಲ ಸರಿಯಾಗಿದ್ದವು, ಕ್ಯಾನ್ಸರಿನ ಕಣಗಳು ಕಾಣಲಿಲ್ಲ. ಮೈಯೇ ತನ್ನ ಪ್ಲೇಟ್ಲೆಟ್ಟುಗಳನ್ನು ಶತ್ರು ಎಂದು ಬಗೆದು ಕೊಲ್ಲುವ ಕಾಯಿಲೆ ಇರಬೇಕು ಎಂದರು. ಆಪರೇಷನ್ ನಿಂತಿತು. ಮಾರನೇ ದಿನ ಕತ್ತಿ ಹಾಕಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವನನ್ನು ರಕ್ತರೋಗದ ಡಾಕ್ಟರಿರುವ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆರು ವಾರದ ಮಾತ್ರೆಯಲ್ಲಿ ಪ್ಲೇಟ್ಲೆಟ್ ಲಕ್ಷ ದಾಟಿತಂತೆ. ಹರ್ನಿಯಾ ಆಪರೇಷನ್ ಆಮೇಲೆ ಅಲ್ಲೇ ಆಯಿತು.

ಆದರೆ ಅದು ಮುಂದಿನ ಮಾತು. ಪೇಂಟರನ್ನು ಕಳಿಸಿದ ಮರುದಿನ ಬೆಳಗ್ಗೆ ಸೂಜಿಯಕ್ಕ ಎರಡೂ ವಾರ್ಡಿನ ಚೀಟಿಗಳನ್ನು ಎತ್ತಿಕೊಂಡರೆ ಇಪ್ಪತ್ತೆರಡು ಚೀಟಿಯಲ್ಲೂ ಎಲ್ಲ ಚೌಕಕ್ಕೂ ಗುರುತು. ಯಾಕೆ ಎಂಬ ಗೆರೆಯ ಮೇಲೆ ಇಪ್ಪತ್ತೆರಡರಲ್ಲೂ ಒಂದೇ ಮಾತು: ಮುಂಜಾಗ್ರತೆ.

ಅವಳು ಟ್ರೇಯನ್ನು ಕೆಳಗಿಟ್ಟು ಡಾಕ್ಟರ ಕೋಣೆಗೆ ಹೋದಳು. ಅವನು ರಾತ್ರಿ ಡ್ಯೂಟಿ ಮುಗಿಸಿ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದ.

"ಇಷ್ಟೂ ತೆಗೀಲಾ?" ಎಂದು ಚೀಟಿಗಳನ್ನು ಮುಂದಿಟ್ಟಳು.

"ತೆಗೀರಿ ಅಕ್ಕ."

"ಒಂಬತ್ತನೇ ಹಾಸಿಗೆಯವರು ಇವತ್ತು ಮನೆಗೆ ಹೋಗ್ತಾರೆ. ಅವರಿಗೂನಾ?"

ಅವನು ತಲೆ ಎತ್ತಿದ. "ಹಿಮೋಗ್ಲೋಬಿನ್ ಮಾತ್ರ ಅಂತ ನಾನೇ ಬರೆದಿದ್ದೆ. ನಿಮ್ಮ ಕಣ್ಣಿಗೆ ಬೀಳದಿದ್ರೆ ಆ ಪೇಂಟರ್ ಆಪರೇಷನ್ ಟೇಬಲ್ ಮೇಲೆ ಹೋಗ್ತಿದ್ದ," ಅಂದ. "ನನಗೆ ಭಯ ಆಗುತ್ತೆ ಅಕ್ಕ. ಕಡಿಮೆ ಬರೆದ್ರೂ ಭಯ, ಹೆಚ್ಚು ಬರೆದ್ರೂ ಭಯ."

"ಅವನ ಹತ್ರ ನೀವು ಮಾತಾಡಿದ್ರಾ ಮೊದಲು?"

"ಇಲ್ಲ. ಸರ್ಜನ್ ಫೈಲ್ ನೋಡಿ ಬರೆದೆ."

"ಕೈಯಾದ್ರೂ ನೋಡಿದ್ರಾ?"

ಅವನು ಇಲ್ಲ ಎಂದು ತಲೆಯಾಡಿಸಿದ.

"ಅಜ್ಜಿಗೆ ತಲೆ ಸುತ್ತಿದಾಗ ನೋಡಿದ್ರಲ್ಲ. ನನಗೂ ಅವತ್ತು ಕೈಕಾಲು ಆಡಿರಲಿಲ್ಲ. ನೀವು ಚೀಟಿ ಜೇಬಿಗಿಟ್ಕೊಂಡು ಕೂತ್ರಲ್ಲ, ಆಮೇಲೆ ಸ್ವಲ್ಪ ಜೀವ ಬಂತು." ಇಷ್ಟು ಮಾತು ತಾನು ಒಬ್ಬ ಡಾಕ್ಟರಿಗೆ ಆಡುತ್ತಿದ್ದೇನೆ ಎಂಬುದು ಅವಳಿಗೇ ಆಗ ಅರಿವಾಯಿತು. ಚೀಟಿಗಳನ್ನು ಅವನ ಕಡೆಗೆ ಸರಿಸಿದಳು. "ಏಳಿ, ಜೊತೆಗೇ ಹೋಗೋಣ. ನೀವು ನೋಡಿ ಹೇಳಿ, ನಾನು ತೆಗೀತೀನಿ."

ಅವನು ಮುಖ ತೊಳೆದುಕೊಂಡು ಬಂದ. ಗಂಡಸರ ವಾರ್ಡಿನ ಒಂದನೇ ಹಾಸಿಗೆಯಿಂದ ಶುರು ಮಾಡಿದರು. ಅವನು ಎಬ್ಬಿಸಿ ಮಾತಾಡಿಸುವುದು, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡುವುದು, ತೋಳು, ಕಾಲು ನೋಡುವುದು, ಹಿಂದಿನ ರಿಪೋರ್ಟು ತಿರುವುವುದು, ಆಮೇಲೆ ಚೀಟಿಯಲ್ಲಿ ಒಂದೆರಡು ಗುರುತು ಹೊಡೆದುಹಾಕುವುದು, ಕೆಲವು ಕಡೆ ಬಿಡುವುದು. ಐದನೇ ಹಾಸಿಗೆಯಲ್ಲಿ ಹೊಸದಾಗಿ ಜ್ವರ ಬಂದಿತ್ತು, ಅಲ್ಲಿ ಒಂದನ್ನೂ ಹೊಡೆಯಲಿಲ್ಲ. ಹನ್ನೆರಡನೇ ಹಾಸಿಗೆಯ ಮುದುಕ ನಿದ್ದೆಗಣ್ಣಲ್ಲಿ, "ಏನಪ್ಪ, ಇವತ್ತು ಸೊಳ್ಳೆ ಜೊತೆ ನೀನೂ ಬಂದ್ಯಾ?" ಎಂದು ಕೇಳಿದ. ಸೂಜಿಯಕ್ಕ ಕೇಳಿಸದವಳಂತೆ ಹತ್ತಿ ಹರಿಯುತ್ತಿದ್ದಳು.

ಇಪ್ಪತ್ತೆರಡು ಹಾಸಿಗೆ ಮುಗಿಯುವಾಗ ಎಂಟು ಗಂಟೆ. ಹತ್ತು ಜನರಿಗೆ ಸೂಜಿಯೇ ಬೇಕಾಗಲಿಲ್ಲ. ಲ್ಯಾಬಿನಿಂದ ಎರಡು ಸಲ ಫೋನ್ ಬಂತು, ಇವತ್ತು ಟ್ಯೂಬುಗಳು ಯಾಕಿಷ್ಟು ತಡ ಎಂದು. ಎರಡನೇ ಸಲ ಫೋನ್ ಎತ್ತಿದ್ದು ಟಿಕ್ ಡಾಕ್ಟ್ರು.

"ನನ್ನಿಂದ ತಡ ಆಯ್ತು," ಎಂದ. "ಈಗ ಕಳಿಸ್ತಿದ್ದೀವಿ. ನಾಳೆಯಿಂದ ನಾನು ಐದಕ್ಕೇ ಶುರು ಮಾಡ್ತೀನಿ."